ಮೊದಲು ಕಣ್ಣಿನ ಗೆರೆ, ಆಮೇಲೆ ಮನುಷ್ಯ

ನನ್ನ ಹತ್ತಿರ ಡ್ರಾಯಿಂಗ್ ಕಲಿಯಲು ಬರುವ ಮಕ್ಕಳು ಗೋಳಗುಮ್ಮಟವನ್ನು ಚೆನ್ನಾಗಿಯೇ ಬಿಡಿಸುತ್ತಾರೆ. ವಿಜಯಪುರದ ಮಕ್ಕಳಲ್ವಾ, ದಿನಾ ನೋಡಿದ ಕಣ್ಣು. ತೊಂದರೆ ಶುರುವಾಗುವುದು ಅದರ ಮುಂದಿನ ದಾರಿಯಲ್ಲಿ ಜನರನ್ನು ನಿಲ್ಲಿಸುವಾಗ. ಒಬ್ಬ ರಾಕ್ಷಸನ ಹಾಗೆ ಕಾಣುತ್ತಾನೆ, ಇನ್ನೊಬ್ಬ ಗುಂಡಿಯೊಳಗೆ ಇಳಿದ ಹಾಗೆ. ಕೇಳಿದರೆ, ‘ದೂರ ಅದಾನ್ರಿ ಸರ್, ಅದಕ್ಕ ಸಣ್ಣ ಮಾಡೀನಿ’ ಎನ್ನುತ್ತಾರೆ. ಮಾತು ಸರಿ. ಆದರೆ ಎಷ್ಟು ಸಣ್ಣ? ಅದಕ್ಕೆ ಲೆಕ್ಕವಿದೆ, ಅಂದಾಜು ಬೇಕಿಲ್ಲ.

ಹಾಳೆಯ ಮೇಲೆ ಎಲ್ಲಕ್ಕಿಂತ ಮೊದಲು ಒಂದು ಅಡ್ಡಗೆರೆ ಎಳೆಯಿರಿ. ಅದು ನಿಮ್ಮ ಕಣ್ಣಿನ ಮಟ್ಟ. ನೀವು ನಿಂತು ನೋಡುತ್ತಿದ್ದೀರಿ, ನೆಲ ಸಮತಟ್ಟಾಗಿದೆ. ಆಗ ನಿಮ್ಮಷ್ಟೇ ಎತ್ತರದವರು ಎಷ್ಟೇ ದೂರ ನಿಂತಿರಲಿ, ಅವರ ಕಣ್ಣು ಆ ಗೆರೆಯ ಮೇಲೇ ಬರುತ್ತದೆ. ಪಾದ ಮಾತ್ರ ಹತ್ತಿರದವರದು ಕೆಳಗೆ, ದೂರದವರದು ಮೇಲೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಒಮ್ಮೆ ಗಮನಿಸಿ, ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ. ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಇಟಲಿಯ ಆಲ್ಬರ್ಟಿ 1435ರಲ್ಲೇ ಇದನ್ನು ಬರೆದಿಟ್ಟಿದ್ದಾನೆ: ದೇವಾಲಯದಲ್ಲಿ ನಿಂತವರ ತಲೆಗಳು ಒಂದೇ ಮಟ್ಟದಲ್ಲಿ ಕಾಣುತ್ತವೆ, ದೂರದವರ ಪಾದ ಹತ್ತಿರದವರ ಮೊಣಕಾಲಿನ ಮಟ್ಟಕ್ಕೆ ಬರುತ್ತದೆ.

ಈಗ ನೆಲದ ಮೇಲೆ ಕೂತು ಬಿಡಿಸಿ. ಕಣ್ಣು ಎರಡೂವರೆ ಅಡಿ ಎತ್ತರಕ್ಕಿದೆ ಎಂದಿಟ್ಟುಕೊಳ್ಳಿ. ಐದಡಿ ಮನುಷ್ಯನ ಮೈಯ ಅರ್ಧಕ್ಕೆ ಗೆರೆ ಹಾಯುತ್ತದೆ. ಹತ್ತಿರದವನಿಗೂ ಅರ್ಧಕ್ಕೇ, ದೂರದವನಿಗೂ ಅರ್ಧಕ್ಕೇ. ಹಾಗಾಗಿ ಪಾದ ಎಲ್ಲಿ ಎಂದು ಗುರುತು ಮಾಡಿ, ಅಲ್ಲಿಂದ ಗೆರೆಯವರೆಗೆ ಸ್ಕೇಲ್ ಹಿಡಿಯಿರಿ. 4 ಸೆಂ.ಮೀ. ಬಂತೇ, ಮನುಷ್ಯ 8 ಸೆಂ.ಮೀ. ಎರಡೂವರೆ ಅಡಿಯ ಮಗುವಿನ ನೆತ್ತಿ ಗೆರೆಗೆ ತಾಗಿ ನಿಲ್ಲುತ್ತದೆ. ಗುಮ್ಮಟ ಹತ್ತಿ ನೂರಡಿ ಎತ್ತರದಿಂದ ಕೆಳಗಿನ ತೋಟ ನೋಡಿದರೂ ಲೆಕ್ಕ ಅದೇ. ಪಾದದಿಂದ ಗೆರೆಯವರೆಗಿನ ಅಳತೆಯಲ್ಲಿ ಇಪ್ಪತ್ತನೇ ಒಂದು ಪಾಲು ಮನುಷ್ಯನದು.

ಪಾದ ಎಲ್ಲಿಡಬೇಕು ಅನ್ನುವುದರಲ್ಲೇ ಜಾಸ್ತಿ ಮಂದಿ ತಪ್ಪುತ್ತಾರೆ. ಹತ್ತಡಿಗೊಬ್ಬರಂತೆ ನಾಲ್ಕು ಜನ ನಿಂತಿದ್ದರೆ ಹಾಳೆಯ ಮೇಲೂ ಸಮ ಅಂತರ ಬಿಡುತ್ತಾರೆ. 10 ಅಡಿ ದೂರದವನ ಪಾದ ಗೆರೆಯಿಂದ 12 ಸೆಂ.ಮೀ. ಕೆಳಗಿದ್ದರೆ, 20 ಅಡಿಯವನದು 6, 30 ಅಡಿಯವನದು 4, 40 ಅಡಿಯವನದು 3. ದೂರ ಎರಡು ಪಟ್ಟಾದರೆ ಅಳತೆ ಅರ್ಧ, ಮೂರು ಪಟ್ಟಾದರೆ ಮೂರನೇ ಒಂದು. ನಡುವಿನ ಅಂತರ ನೋಡಿ: 6, 2, 1. ಎಷ್ಟು ಬೇಗ ಕುಗ್ಗುತ್ತದೆ! ಇದು ಕೈಗೆ ಹತ್ತಿತೆಂದರೆ ಚಿತ್ರದಲ್ಲಿ ನೆಲ ತಾನಾಗಿ ಮಲಗುತ್ತದೆ.

ಇದಕ್ಕೆ ನಮ್ಮೂರಲ್ಲೇ ಒಳ್ಳೆಯ ಪಾಠದ ಜಾಗವಿದೆ. ಜಾಮಿಯಾ ಮಸೀದಿಯ ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೆ ಒಂದೊಂದು ಚೌಕಟ್ಟು ಗೆರೆ ಹಾಕಿದೆ, ಎರಡು ಸಾವಿರಕ್ಕೂ ಹೆಚ್ಚು. ಔರಂಗಜೇಬನ ಕಾಲದ ಕೆಲಸ. ಅಷ್ಟು ದೊಡ್ಡ ಗ್ರಾಫ್ ಹಾಳೆ ಬೇರೆಲ್ಲಿ ಸಿಗುತ್ತದೆ? ನಮಾಜಿನ ಹೊತ್ತು ಬಿಟ್ಟು, ಅಲ್ಲಿದ್ದವರನ್ನು ಕೇಳಿ, ಒಂದು ಬದಿಗೆ ಕೂತುಕೊಳ್ಳಿ. ಉದ್ದದ ಗೆರೆಗಳೆಲ್ಲ ಕಣ್ಣಿನ ಮಟ್ಟದ ಒಂದೇ ಬಿಂದುವಿನತ್ತ ಓಡುವುದು ಕಾಣುತ್ತದೆ. ಕಂಬಗಳ ಸಾಲು ಬಿಡಿಸಲು ಮೊದಲ ಎರಡು ಕಂಬ ನೋಡಿ ಹಾಕಿ. ಅವುಗಳ ತುದಿ, ಬುಡ, ನಡುಮಧ್ಯಗಳನ್ನು ಆ ಬಿಂದುವಿಗೆ ಜೋಡಿಸಿ. ಮೊದಲ ಕಂಬದ ತುದಿಯಿಂದ ಎರಡನೆಯದರ ನಡುಮಧ್ಯ ಹಾದು ಓರೆಗೆರೆ ಎಳೆದರೆ, ಅದು ಬುಡದ ಗೆರೆಗೆ ತಾಗುವಲ್ಲಿ ಮೂರನೇ ಕಂಬ. ಹೀಗೇ ಮುಂದೆ.

ಮೆಟ್ಟಿಲು, ಕಟ್ಟೆ ಬಂದಾಗ ಗಾಬರಿ ಬೇಡ. ಎರಡೂವರೆ ಅಡಿಯ ಕಟ್ಟೆಯ ಮೇಲೆ ನಿಂತ ಐದಡಿ ಮನುಷ್ಯನನ್ನು ಮೊದಲು ಅದೇ ದೂರದಲ್ಲಿ ನೆಲದ ಮೇಲೆ ನಿಲ್ಲಿಸಿ ಅಳೆದು, ಆಮೇಲೆ ಅವನ ಅರ್ಧ ಎತ್ತರದಷ್ಟು ಮೇಲೆತ್ತಿ. ಚಕ್ಕಳಮಕ್ಕಳ ಹಾಕಿ ಕೂತವರ ತಲೆ ಅವರದೇ ನಿಂತ ಎತ್ತರದ ಸುಮಾರು ಅರ್ಧಕ್ಕೆ ಬರುತ್ತದೆ.

ಇದೇ ಲೆಕ್ಕ ಒಬ್ಬನ ಮೈಯೊಳಗೂ ನಡೆಯುತ್ತದೆ. ಹತ್ತಡಿ ದೂರದವನು ನಿಮ್ಮತ್ತ ಎರಡಡಿ ಕೈ ಚಾಚಿದರೆ ಅಂಗೈ ಎಂಟಡಿಗೆ ಬರುತ್ತದೆ. ಅಂದರೆ ಒಂದೂಕಾಲು ಪಟ್ಟು ದೊಡ್ಡದು. ನಾಲ್ಕಡಿ ದೂರದವನದಾದರೆ ನೇರ ಎರಡು ಪಟ್ಟು. ಮಕ್ಕಳು ಇಷ್ಟು ದೊಡ್ಡ ಅಂಗೈ ನೋಡಿ ಹೆದರಿ ರಬ್ಬರ್ ಹಿಡಿಯುತ್ತಾರೆ. ಅಳಿಸಬೇಡಿ. ತೋಳನ್ನು ಗಿಡ್ಡ ಮಾಡಿ, ಅಂಗೈಯನ್ನು ಅಷ್ಟೇ ದೊಡ್ಡದಾಗಿ ಬಿಡಿ.