ದೊಡ್ಡಮ್ಮನ ಬಿಳಿ ಮಾತ್ರೆ

ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರ ದಿನ ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಅರೆಭಾಷೆ ಗೌಡರ ಮನೆಗಳಲ್ಲಿ ಅದನ್ನೇ ಆಟಿ ಹದಿನೆಂಟು ಅನ್ನುತ್ತಾರೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ. ಪಾಯಸ ತಿಂದ ಮೇಲೆ ಮೂತ್ರವೂ ಕೆಂಪು! ಮಕ್ಕಳಿಗೆ ಅದೇ ತಮಾಷೆ. ಮದ್ದು ಹೊಟ್ಟೆಗೆ ಹೋಗಿದೆ ಅಂತ ಬಣ್ಣವೇ ಹೇಳಿಬಿಡುತ್ತದೆ.

ಆ ದಿನ ಊಟ ಆದ ಮೇಲೆ ದೊಡ್ಡಮ್ಮ ಎಲೆಅಡಿಕೆ ಡಬ್ಬಿಯಿಂದ ಚಿಕ್ಕದೊಂದು ಬಿಳಿ ಮಾತ್ರೆ ತೆಗೆದು ನುಂಗಿದರು. "ಇದೊಂದಿದ್ರೆ ಸಾಕು ಮಗ, ಮಳೆಗಾಲ ಪೂರ್ತಿ ಗಂಟುನೋವು ಹತ್ರ ಬರಲ್ಲ." ಎರಡು ವರ್ಷದ ಹಿಂದೆ ಉಬ್ಬಸಕ್ಕೆ ಅಂತ ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟಿದ್ದಂತೆ. ಗಂಟುನೋವೂ ಹೋಯಿತಲ್ಲ ಅಂತ ಮುಂದುವರಿಸಿದ್ದಾರೆ. ಖಾಲಿ ಸ್ಟ್ರಿಪ್ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಾರೆ. ತಿರುಗಿಸಿ ನೋಡಿದೆ. ಉದ್ದಕ್ಕೆ ಕೆಂಪು ಗೆರೆ, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಹೆಸರು ಪ್ರೆಡ್ನಿಸೊಲೋನ್. ಸ್ಟೀರಾಯ್ಡ್.

ಸ್ಟೀರಾಯ್ಡ್ ಅಂದರೆ ವಿಷ ಅಂತ ಹೆದರುವವರೂ ಇದ್ದಾರೆ. ಅದೂ ಸರಿಯಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ನಡೆಯಲಾಗದೆ ಇದ್ದ ಹೆಂಗಸೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಮತ್ತು ಜೊತೆಗಾರರಿಗೆ ನೊಬೆಲ್ ಬಂತು. ಊದಿದ ಮುಖ, ಏರಿದ ಸಕ್ಕರೆ, ಸೋಂಕು, ಇವೆಲ್ಲ ಹಿಂದೆಯೇ ಬಂದವು.

ಸೋಂಕು ಯಾಕೆ ಬರಬೇಕು? ತೋಟದಲ್ಲಿ ಮುಳ್ಳು ಚುಚ್ಚಿದ ಬೆರಳು ನೆನಪಿಸಿಕೊಳ್ಳಿ. ಮಾರನೇ ದಿನ ಕೆಂಪಾಗಿ, ಊದಿ, ಬಿಸಿಯಾಗಿ ಮಿಡಿಯುತ್ತದೆ. ಇದನ್ನೆಲ್ಲ ರೋಗಾಣು ಮಾಡಿದ್ದು ಅಂದುಕೊಳ್ಳುತ್ತೇವೆ. ಬಹುಪಾಲು ನಮ್ಮ ಮೈಯೇ ಮಾಡಿದ್ದು. ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗಿ ಕಾದಾಡುತ್ತಿವೆ, ಅದರ ಗಲಾಟೆ ಅದು. ಕೀಲುವಾತದಲ್ಲಿ ಅದೇ ಕಣಗಳು ದಾರಿ ತಪ್ಪಿ ನಮ್ಮ ಗಂಟಿನ ಮೇಲೇ ಬೀಳುತ್ತವೆ. ಸ್ಟೀರಾಯ್ಡ್ ಅವನ್ನು ಸುಮ್ಮನಾಗಿಸುತ್ತದೆ. ಗಂಟಿನಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ. ನೋವು ಇಳಿಸುವ ಕೆಲಸ, ಕಾವಲು ಇಳಿಸುವ ಕೆಲಸ, ಎರಡೂ ಒಂದೇ. ಒಳಗೆ ಸೋಂಕು ಬೆಳೆಯುತ್ತಿದ್ದರೂ ಜ್ವರ ಸರಿಯಾಗಿ ಏರುವುದಿಲ್ಲ. "ಆರಾಮಾಗಿದೀನಿ" ಅಂತ ನಾವೂ ಮೋಸ ಹೋಗುತ್ತೇವೆ, ಕೆಲವು ಸಲ ಡಾಕ್ಟರೂ.

ಹುಳಕಡ್ಡಿಗೆ ಹಚ್ಚುವ ಕ್ರೀಮಿನ ಕತೆಯೂ ಇದೇ. ಸ್ಟೀರಾಯ್ಡ್ ಸೇರಿದ್ದಾದರೆ ಎರಡೇ ದಿನಕ್ಕೆ ತುರಿಕೆ ಮಾಯ. ಹುಳಕಡ್ಡಿ ತರುವ ಬೂಷ್ಟು ಮಾತ್ರ ಚರ್ಮದಲ್ಲಿ ನಿಧಾನವಾಗಿ ಹರಡುತ್ತಿರುತ್ತದೆ.

ಆದರೆ ತೋಟದ ಜನ ತಿಳಿಯಲೇಬೇಕಾದ್ದು ಒಂದು ಹುಳದ ವಿಷಯ. ಸ್ಟ್ರಾಂಜಿಲಾಯ್ಡಿಸ್ ಅಂತ ಹೆಸರು, ಉದ್ದ ಎರಡು ಮಿಲಿಮೀಟರ್ ಆಸುಪಾಸು. ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಇದರ ಮರಿ ಇರುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ರಕ್ತದಲ್ಲಿ ತೇಲಿ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ಉಗುಳಿನ ಜೊತೆ ಕರುಳಿಗೆ ಇಳಿಯುತ್ತದೆ. ಕರುಳಿನ ಬೇರೆ ಬಹುಪಾಲು ಹುಳಗಳು ಹೆಚ್ಚಬೇಕಾದರೆ ಅವುಗಳ ಮೊಟ್ಟೆ ಹೊರಗೆ ಹೋಗಲೇಬೇಕು. ಇದಕ್ಕೆ ಆ ಹಂಗಿಲ್ಲ. ಮರಿಗಳು ಕರುಳಿನಿಂದಲೇ ಮತ್ತೆ ಮೈಯೊಳಗೆ ನುಗ್ಗಿ ಇನ್ನೊಂದು ಸುತ್ತು ಹೊಡೆಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುದಾರಿಯಲ್ಲಿ ದುಡಿದ ಕೈದಿಗಳಲ್ಲಿ ಹಲವು ದಶಕಗಳ ನಂತರವೂ ಇದು ಸಿಕ್ಕಿದೆ.

ಮೈಯ ಕಾವಲು ಇರುವವರೆಗೆ ಹುಳ ಮಿತಿಯಲ್ಲಿರುತ್ತದೆ. ಸ್ಟೀರಾಯ್ಡ್ ಬಿದ್ದ ಮೇಲೆ ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ಶ್ವಾಸಕೋಶ, ಮಿದುಳಿನವರೆಗೂ ಹೋಗಬಹುದು. ಆಗ ಜೀವ ಉಳಿಸುವುದು ಕಷ್ಟ. ಇನ್ನೂ ಕೆಟ್ಟದ್ದೇನು ಗೊತ್ತಾ? ಶ್ವಾಸಕೋಶದ ಹುಳದಿಂದಲೂ ಉಬ್ಬಸದಂತೆಯೇ ಗೊರಗೊರ ಬರುತ್ತದೆ. ಉಬ್ಬಸ ಅಂದುಕೊಂಡು ಸ್ಟೀರಾಯ್ಡ್ ಜಾಸ್ತಿ ಮಾಡಿದರೆ ಹುಳಕ್ಕೇ ಊಟ ಹಾಕಿದಂತೆ. ಒಂದೇ ಸಲ ಮಲ ಪರೀಕ್ಷೆ ಮಾಡಿದರೆ ಹಲವು ಬಾರಿ ಸಿಗುವುದಿಲ್ಲ, ರಕ್ತ ಪರೀಕ್ಷೆಯೂ ಬೇಕಾಗುತ್ತದೆ. ಸಿಕ್ಕರೆ ಐವರ್ಮೆಕ್ಟಿನ್ ಮಾತ್ರೆ ಇದೆ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹುಳದ ಮಾತ್ರೆ ಆಲ್ಬೆಂಡಜೋಲ್ ಈ ಹುಳದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ.

ಟಿಬಿಯದೂ ಹೆಚ್ಚುಕಡಿಮೆ ಹೀಗೇ. ಎಷ್ಟೋ ಜನರ ಮೈಯಲ್ಲಿ ಅದು ಮಲಗಿರುತ್ತದೆ. ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಒಂದು ತಿಂಗಳು ತಿಂದರೆ ಎದ್ದು ಕೂರುವ ಸಾಧ್ಯತೆ ಚೆನ್ನಾಗಿಯೇ ಏರುತ್ತದೆ. ಕೀಲುವಾತಕ್ಕೆ ಈಗ ಬಂದಿರುವ ದುಬಾರಿ ಬಯಾಲಾಜಿಕ್ ಇಂಜೆಕ್ಷನ್‌ಗಳೂ ಮೈಯ ಕಾವಲು ಇಳಿಸುತ್ತವೆ; ಅವನ್ನು ಶುರು ಮಾಡುವ ಮೊದಲು ಟಿಬಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುವುದು ಇದಕ್ಕೇ.

ಇಷ್ಟು ಹೇಳುವಷ್ಟರಲ್ಲಿ ದೊಡ್ಡಮ್ಮ ಸ್ಟ್ರಿಪ್ಪನ್ನು ಒಲೆಗೆ ಎಸೆಯಲು ಎದ್ದರು. ಕೈ ಹಿಡಿದುಕೊಂಡೆ. ತುಂಬ ದಿನ ಹೊರಗಿನಿಂದ ಸ್ಟೀರಾಯ್ಡ್ ಬಂದರೆ, ಅದನ್ನು ಸ್ವತಃ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡುತ್ತದೆ. ದಿಢೀರ್ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಡಾಕ್ಟರು ಹೇಳಿದ ಲೆಕ್ಕದಲ್ಲಿ ನಿಧಾನವಾಗಿ ಇಳಿಸಬೇಕು.

ಮರುದಿನ ಮಳೆಯಲ್ಲೇ ಮಡಿಕೇರಿಗೆ ಹೋದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲೇ ಒಂದು, ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತೀರಾ ಅಂತ. "ಕೆಸರಲ್ಲಿ ಚಪ್ಪಲಿ ನಿಲ್ಲುತ್ತಾ ಡಾಕ್ಟ್ರೇ?" ಅಂದರು ದೊಡ್ಡಮ್ಮ. ಮಲ, ರಕ್ತ, ಸಕ್ಕರೆ ಪರೀಕ್ಷೆ, ಎದೆಯ ಎಕ್ಸ್‌ರೇ ಬರೆದರು. ಮಾತ್ರೆ ಇಳಿಸುವ ಲೆಕ್ಕವನ್ನೂ ವಾರವಾರಕ್ಕೆ ಬರೆದುಕೊಟ್ಟರು. ಆ ಚೀಟಿ ಈಗ ಎಲೆಅಡಿಕೆ ಡಬ್ಬಿಯಲ್ಲಿದೆ, ಅಂಚಿಗೆ ಸ್ವಲ್ಪ ಸುಣ್ಣ ಹತ್ತಿದೆ.