ಮಾತಾಡೋ ಮಾರಾಯ!

ಮೂಡಿಗೆರೆ ಹತ್ತಿರದ ಅಕ್ಕನ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಜಗಲಿಯ ಒಂದೇ ಮೂಲೆಯಲ್ಲಿ. ಮಳೆ ಹಿಡಿದಿದ್ದ ಸಂಜೆ ಅಕ್ಕನ ಮಗ ಅಲ್ಲೇ ಕಂಬಳಿ ಹೊದ್ದು ಫೋನಿನಲ್ಲಿ ಬಿಜಿಎಂಐ ಅನ್ನೋ ಗುಂಡಿನ ಕಾಳಗದ ಆಟ ಆಡುತ್ತಿದ್ದ. ಟೀಮಿನಲ್ಲಿ ನಾಲ್ವರು. ಉಳಿದ ಮೂವರು ಯಾರೋ, ಎಲ್ಲಿಯವರೋ. ‘ಭಾಯ್, ಲೆಫ್ಟ್ ಮೇ...’ ಅಂತ ಇವನು ಶುರು ಮಾಡಿದ. ಅದೇ ಹೊತ್ತಿಗೆ ಆ ಕಡೆಯಿಂದಲೂ ಮಾತು. ಇಬ್ಬರೂ ನಿಲ್ಲಿಸಿದರು. ಮತ್ತೆ ಇಬ್ಬರೂ ಒಟ್ಟಿಗೇ ಶುರು. ‘ಎಂಥ ಮಂಕ ಮಾರಾಯ ಇವ’ ಎನ್ನುತ್ತಾ ನಮ್ಮವನು ಮೈಕ್ ಆಫ್ ಮಾಡಿದ.

ಆ ಕಡೆಯ ಹುಡುಗ ಮಂಕ ಇರಲಿಕ್ಕಿಲ್ಲ.

ಎದುರುಬದುರು ಕೂತು ಹರಟುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತೆ? 10 ಭಾಷೆಗಳನ್ನು ಹೋಲಿಸಿ ನೋಡಿದ 2009ರ ಒಂದು ಅಧ್ಯಯನದಲ್ಲಿ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಬಂತು. ಒಂದು ಪದ ಹುಡುಕಿ ಬಾಯಿಗೆ ತರಲಿಕ್ಕೇ ಮಿದುಳಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ಎದುರಿನವರ ಮಾತು ಎಲ್ಲಿ ಮುಗಿಯುತ್ತೆ ಅಂತ ಊಹಿಸಿ, ಉತ್ತರವನ್ನು ಮೊದಲೇ ತಯಾರು ಮಾಡಿಟ್ಟಿರುತ್ತೇವೆ.

ಆಟದಲ್ಲಿ ಈ ಊಹೆ ಕೈಕೊಡುತ್ತದೆ. ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ ಕಳಿಸುತ್ತಾರೆ. ದೂರವೇನೂ ದೊಡ್ಡ ಸಂಗತಿಯಲ್ಲ. ಫೈಬರ್ ಕೇಬಲ್ಲಿನಲ್ಲಿ ಬೆಳಕು 1000 ಕಿಲೋಮೀಟರನ್ನು 5 ಮಿಲಿಸೆಕೆಂಡಿನಲ್ಲಿ ದಾಟುತ್ತೆ. ತಡವಾಗೋದು ಟವರಿನ ಸರದಿಯಲ್ಲಿ, ಸರ್ವರಿನಲ್ಲಿ, ಹಿಂದೆಮುಂದೆ ಬಂದ ಚೂರುಗಳನ್ನು ಜೋಡಿಸಲು ಫೋನ್ ಕಾಯುವಾಗ. ಹೋಗಲು 150, ಬರಲು 150 ಅಂದುಕೊಳ್ಳಿ. ಆ ಕಡೆಯವನು ಎಂದಿನಂತೆ 200ರಲ್ಲೇ ಉತ್ತರಿಸಿದರೂ ನಮ್ಮ ಕಿವಿಗೆ ಅರ್ಧ ಸೆಕೆಂಡ್ ಮೌನ. ಆ ಮೌನ ತಡೆಯಲಾರದೆ ನಾವು ಮತ್ತೆ ಬಾಯಿ ತೆರೆಯುತ್ತೇವೆ. ಡಿಕ್ಕಿ!

ಇನ್ನೂ ತಮಾಷೆಯ ವಿಷಯವನ್ನು 2014ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಲೈನ್ ತಡ ಮಾಡಿದರೆ ಜನ ಲೈನನ್ನು ಬೈಯುವುದಿಲ್ಲ. ಆ ಕಡೆಯವರಿಗೇ ಗಮನ ಕಡಿಮೆ ಅಂದುಕೊಳ್ಳುತ್ತಾರೆ. ಪರಿಚಯದವನಾದರೆ ‘ಅವ ಹಂಗಲ್ಲ ಬಿಡು’ ಅನ್ನಬಹುದು. ಅಪರಿಚಿತನ ಬಗ್ಗೆ ನಮಗೆ ಗೊತ್ತಿರೋದು ಆ ಅರ್ಧ ಸೆಕೆಂಡ್ ಮಾತ್ರ, ಅಲ್ವಾ?

‘ಮಾತೇ ಬೇಡ ಮಾವ, ಮಾರ್ಕ್ ಹಾಕಿದ್ರೆ ಸಾಕು’ ಎಂದು ಇವನು ಪರದೆ ಒತ್ತಿದ. ಮಾರ್ಕ್ ಅಂದರೆ ಜಾಗ ಹೇಳುವ ಒಂದೆರಡು ಅಂಕಿ, ಒಂದು ಸಂಕೇತ, ಅಷ್ಟೇ. ಚಿತ್ರ ಬಿಡಿಸೋದು ಆ ಕಡೆಯ ಫೋನೇ. ನಾಲ್ವರೂ ಒಟ್ಟಿಗೇ ಒತ್ತಿದರೂ ಡಿಕ್ಕಿಯಿಲ್ಲ. ಹಿಂದಿಯೂ ಬರಬೇಕಿಲ್ಲ. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್ ಅನ್ನೋ ಇನ್ನೊಂದು ಆಟ ಇದನ್ನು ಎಷ್ಟು ಪಳಗಿಸಿತೆಂದರೆ, ಬಾಯಿ ಬಿಡದೆ ಇಡೀ ಆಟ ಮುಗಿಸಬಹುದು.

ಅಷ್ಟರಲ್ಲಿ ಮಳೆ ಹೊಳವಾಯಿತು. ಅಕ್ಕ ಅಂಗಳಕ್ಕಿಳಿದು ತೋಟದಾಚೆಯ ದಿಬ್ಬದಲ್ಲಿದ್ದ ಭಾವನಿಗೆ ಕೂ ಹಾಕಿದಳು. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಆ ದಿಬ್ಬಕ್ಕೆ ಹೋಗಿ ಬರಲು 2 ಸೆಕೆಂಡಾದರೂ ಬೇಕು, ಆಟದ ತಡಕ್ಕಿಂತ ಎಷ್ಟೋ ಪಟ್ಟು. ಅಕ್ಕ ಸುಮ್ನೆ ಕಾದಳು. ಅವಳಿಗೆ ದಿಬ್ಬ ಕಾಣುತ್ತಿತ್ತು. ಇಯರ್‌ಫೋನಿನ ದನಿಯಾದರೋ ಕಿವಿಯೊಳಗೇ ಕೂತಿರುತ್ತೆ.

ಆಚೆಯಿಂದ ಕೂ ಬಂತು. ಅಕ್ಕ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.