ಪದ ಪರಿಚಯ: ಪಳಗಿದ ಕೈ

ಮೂಡಿಗೆರೆ ಕಡೆ ಕಾಫಿ ಗಿಡ ಚೆನ್ನಾಗಿ ಕಸಿ ಮಾಡುವವರಿಗೆ ‘ಪಳಗಿದ ಕೈ’ ಅನ್ನುತ್ತಾರೆ. ಇಲ್ಲಿ ಕಸಿ ಅಂದರೆ ಎರಡು ಗಿಡ ಕೂಡಿಸುವುದಲ್ಲ. ಕೊಯ್ಲು ಮುಗಿದ ಮೇಲೆ ಬೇಡದ ರೆಕ್ಕೆಗಳನ್ನು, ಅಂದರೆ ಅಡ್ಡ ರೆಂಬೆಗಳನ್ನು, ಕತ್ತರಿಸುವುದು. ಪಳಗು ಅಂದರೆ ಒಗ್ಗು, ರೂಢಿಯಾಗು. ಕಾಡಾನೆ ಪಳಗಿಸುವುದಕ್ಕೂ ಇದೇ ಪದ. ಹಾಗಾಗಿ ಮಾಡ್ತಾ ಮಾಡ್ತಾ ಕೈಗೆ ತಾನಾಗೇ ಬರುತ್ತದೆ, ತಲೆಗೇನೂ ಕೆಲಸವಿಲ್ಲ ಅನ್ನಿಸುತ್ತದೆ, ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ವರ್ಷ ವಾರದೊಳಗೆ ನನ್ನ ಕತ್ತರಿ ಸರಸರ ಓಡುತ್ತಿತ್ತು. ದೊಡ್ಡಪ್ಪ ಬಂದು ನೋಡಿ, “ಮುಂದಿನ್ ವರ್ಷದ ಹಣ್ಣೆಲ್ಲಾ ನೆಲಕ್ಕೆ ಹಾಕಿದೀಯಲ್ಲೋ” ಅಂದರು. ಅರೇಬಿಕಾ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯಲ್ಲಿ. ಅದು ತಿಳಿಯದ ಕೈ ಬೇಗ ಓಡಿದಷ್ಟೂ ನಷ್ಟ ಜಾಸ್ತಿ.

ಇದನ್ನು 1908ರಲ್ಲೇ ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಜಡ್ ಪರೀಕ್ಷಿಸಿ ಬರೆದಿದ್ದರು. ನೀರಿನೊಳಗಿನ ಗುರಿಗೆ ಹುಡುಗರು ಬಾಣದಂಥ ಚೂಪು ಕಡ್ಡಿ ಎಸೆಯಬೇಕು. ನೀರಲ್ಲಿ ಬೆಳಕು ಬಾಗುವುದರಿಂದ ಗುರಿ ನಿಜವಾಗಿ ಇರುವ ಜಾಗದಲ್ಲೇ ಕಾಣುವುದಿಲ್ಲ. ಮಳೆಗಾಲದಲ್ಲಿ ಗದ್ದೆಗೆ ಹತ್ತಿ ಬರುವ ಮೀನು ಕಡಿದವರಿಗೆ ಇದು ಗೊತ್ತು: ಮೀನು ಕಂಡದ್ದಕ್ಕಿಂತ ಕೆಳಗಿರುತ್ತದೆ. ಜಡ್ ಒಂದು ಗುಂಪಿಗೆ ಈ ಕಾರಣ ವಿವರಿಸಿದರು, ಇನ್ನೊಂದಕ್ಕೆ ಇಲ್ಲ. 12 ಇಂಚು ಆಳದಲ್ಲಿ ಎರಡೂ ಗುಂಪು ಸರಿಸಮ. ಕಾರಣ ಗೊತ್ತಿದ್ದರೂ ಕೈ ಅಭ್ಯಾಸ ಮಾಡಲೇಬೇಕಾಯಿತು. ಆದರೆ ಗುರಿಯನ್ನು 4 ಇಂಚಿಗೆ ತಂದಾಗ ಕಾರಣ ತಿಳಿದವರು ಬೇಗ ಹೊಂದಿಕೊಂಡರು. ಉಳಿದವರ ಕೈ ಹಳೇ ಲೆಕ್ಕದಲ್ಲೇ ಎಸೆಯುತ್ತಿತ್ತು.

ಇದಕ್ಕೆ ಉಲ್ಟಾ ಉದಾಹರಣೆಯಾಗಿ ಎಚ್.ಎಂ. ಎಂಬ ರೋಗಿಯ ಕಥೆ ಹೇಳುವುದುಂಟು. ಹೊಸದೇನೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದರಲ್ಲಿ ದಿನದಿಂದ ದಿನಕ್ಕೆ ಸುಧಾರಿಸಿದರು. ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಇದನ್ನು 1962ರಲ್ಲಿ ವರದಿ ಮಾಡಿದರು. ‘ನೋಡಿ, ಕೈ ತಾನೇ ಕಲಿಯಿತು’ ಅಂತ ಹಲವರು ಹೇಳಿದರು. 2013ರಲ್ಲಿ ತತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಮತ್ತು ನರವಿಜ್ಞಾನಿ ಕ್ರಾಕವರ್ ಒಂದು ಸಣ್ಣ ವಿಷಯ ಎತ್ತಿದರು: ಏನು ಮಾಡಬೇಕು ಅಂತ ಎಚ್.ಎಂ.ಗೆ ಪ್ರತಿಸಲ ಹೇಳಿಕೊಡಬೇಕಿತ್ತಲ್ಲ! ಹೇಳದಿದ್ದರೆ ಆ ಪಳಗಿದ ಕೈ ಪೆನ್ಸಿಲ್ ಹಿಡಿದು ಸುಮ್ನೆ ಕೂತಿರುತ್ತಿತ್ತು.

ಈಗ ತೋಟಕ್ಕೆ ಹೊಸಬರು ಬಂದರೆ ದೊಡ್ಡಪ್ಪ ಮೊದಲ ದಿನ ಕತ್ತರಿ ಕೊಡುವುದಿಲ್ಲ. ಒಂದೊಂದೇ ಗಿಡದ ಮುಂದೆ ನಿಲ್ಲಿಸಿ, “ಹಣ್ಣು ಎಲ್ಲಿ ಬರುತ್ತೆ, ತೋರ್ಸು” ಅಂತಾರೆ.